ಗೆರೆ ನೆಟ್ಟಗಿರಬೇಕೋ, ಬಗ್ಗಬೇಕೋ?

ಪ್ರತಿ ವರ್ಷ ನವೆಂಬರ್ ಬಂತೆಂದರೆ ದೆಹಲಿಯ ಕನ್ನಡಿಗರ ಕಿವಿಗೆ ಎರಡು ಮಾತು ಬೀಳುತ್ತವೆ. ಒಂದು ಇಲ್ಲಿಯದೇ: “ಈ ಗಾಳಿಗೆ ನಾವು ಒಗ್ಗಿಹೋಗಿದ್ದೇವೆ ಬಿಡಿ ಸಾರ್, ಇನ್ನೇನಾಗುತ್ತೆ?” ಇನ್ನೊಂದು ಊರಿಗೆ ಫೋನ್ ಮಾಡಿದಾಗ ಆ ಕಡೆಯಿಂದ ಬರುವಂಥದ್ದು: “ನಮ್ಮಲ್ಲೇನೂ ತೊಂದರೆ ಇಲ್ಲಪ್ಪ, ಗಾಳಿ ಚೆನ್ನಾಗೇ ಇದೆ. ನೀವೇ ಪಾಪ...” ಎರಡೂ ಮಾತು ಕೇಳೋಕೆ ಸಹಜವಾಗೇ ಇವೆ. ಆದರೆ ಎರಡರ ಹಿಂದೆಯೂ ಒಂದೊಂದು ಲೆಕ್ಕ ಅಡಗಿದೆ. ಹೊಗೆ ಎಷ್ಟಿದ್ದರೆ ಸಾವು ಎಷ್ಟು ಅನ್ನುವ ಲೆಕ್ಕ ಅದು. ಆ ಲೆಕ್ಕದ ಗೆರೆ ಯಾವ ಆಕಾರದಲ್ಲಿದೆ ಅನ್ನುವುದರ ಮೇಲೆ ಸರ್ಕಾರದ ಕಾನೂನು, ಕೋರ್ಟಿನ ತೀರ್ಪು, ಪತ್ರಿಕೆಯ ತಲೆಬರಹ ಎಲ್ಲ ನಿಂತಿವೆ. ನನ್ನ ಅಭಿಪ್ರಾಯ ಕೇಳಿದರೆ, ದೆಹಲಿಯವರ ಮಾತೂ ತಪ್ಪು, ಊರಿನವರ ಮಾತೂ ತಪ್ಪು. ಯಾಕೆ ಅಂತ ಹೇಳಬೇಕಾದರೆ ಈ ಗೆರೆಯನ್ನು ಎಳೆಯುವ ಎರಡು ಪದ್ಧತಿಗಳ ಜಗಳವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಎಪಿಡೆಮಿಯಾಲಜಿ ಅಂದರೆ ಬರೀ ಸಾಂಕ್ರಾಮಿಕ ರೋಗಗಳ ಶಾಸ್ತ್ರ ಅಲ್ಲ. ಯಾವ ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಎಂದು ಸಾವಿರಾರು ಜನರನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕುವ ಶಾಸ್ತ್ರ. ಅದರಲ್ಲಿ ಡೋಸ್-ರೆಸ್ಪಾನ್ಸ್ ಅನ್ನುವುದು ಒಂದು ಮುಖ್ಯ ಪ್ರಶ್ನೆ. ಡೋಸ್ ಅಂದರೆ ಒಳಗೆ ಹೋದದ್ದು ಎಷ್ಟು. ರೆಸ್ಪಾನ್ಸ್ ಅಂದರೆ ಅದರಿಂದ ಆದದ್ದು ಎಷ್ಟು. ಅತಿಯಾದರೆ ಅಮೃತವೂ ವಿಷ ಅಂತ ನಮ್ಮವರು ಹೇಳಿದ್ದು ಇದನ್ನೇ. ಆದರೆ ‘ಅತಿ’ ಎಲ್ಲಿಂದ ಶುರುವಾಗುತ್ತದೆ ಅಂತ ಗಾದೆ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಗೆರೆ.

ಹಳೆಯ ಪದ್ಧತಿ, ಅಂದರೆ ಕ್ಲಾಸಿಕಲ್ ಪದ್ಧತಿ, ಗೆರೆಯ ಆಕಾರವನ್ನು ಮೊದಲೇ ನಿಶ್ಚಯಿಸಿಬಿಡುತ್ತದೆ. ಸಾಮಾನ್ಯವಾಗಿ ನೆಟ್ಟನೆಯ ಗೆರೆ. ಡೋಸ್ ಎರಡರಷ್ಟಾದರೆ ಅಪಾಯವೂ ಎರಡರಷ್ಟು. ಇಲ್ಲವಾದರೆ ಜನರನ್ನು ಮೂರೋ ನಾಲ್ಕೋ ಗುಂಪು ಮಾಡಿ - ಕಡಿಮೆ, ಮಧ್ಯಮ, ಹೆಚ್ಚು, ತೀರಾ ಹೆಚ್ಚು - ಗುಂಪಿನಿಂದ ಗುಂಪಿಗೆ ಕಾಯಿಲೆ ಏರುತ್ತದೆಯೇ ಅಂತ ನೋಡುವುದು. ಇದನ್ನು ಹೀಗಳೆಯುವಂತಿಲ್ಲ. 1951ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಅಲ್ಲಿನ ವೈದ್ಯರಿಗೇ ಪತ್ರ ಬರೆದು, ನೀವು ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀರಿ ಅಂತ ಕೇಳಿದರು. ಸುಮಾರು 40 ಸಾವಿರ ವೈದ್ಯರು ಉತ್ತರ ಕೊಟ್ಟರು. ಸಿಗರೇಟಿನ ಸಂಖ್ಯೆ ಏರಿದಂತೆ ಶ್ವಾಸಕೋಶದ ಕ್ಯಾನ್ಸರ್ ಏರುತ್ತಾ ಹೋದದ್ದನ್ನು ಇಂಥ ಗುಂಪುಗಳ ಲೆಕ್ಕವೇ ತೋರಿಸಿತು. 1965ರಲ್ಲಿ ಹಿಲ್ ಅವರು ಕಾರಣ-ಪರಿಣಾಮ ಗುರುತಿಸಲು ನೋಡಬೇಕಾದ ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿದಾಗ, ಡೋಸ್ ಏರಿದಂತೆ ಪರಿಣಾಮ ಏರುವುದೂ ಅದರಲ್ಲಿ ಒಂದಾಗಿತ್ತು.

ಗಾಳಿಯ ವಿಷಯದಲ್ಲೂ ಶುರುವಾದದ್ದು ನೆಟ್ಟನೆಯ ಗೆರೆಯಿಂದಲೇ. 1993ರಲ್ಲಿ ಹಾರ್ವರ್ಡ್‌ನವರ ‘ಆರು ನಗರಗಳ ಅಧ್ಯಯನ’ ಹೊರಬಂತು. ಅಮೆರಿಕದ ಆರು ಊರುಗಳ 8,111 ಜನರನ್ನು ಹದಿನಾಲ್ಕರಿಂದ ಹದಿನಾರು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಸಿಗರೇಟು ಮುಂತಾದ ಇತರ ಕಾರಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಅತಿ ಕೊಳಕು ಗಾಳಿಯ ಊರಿನಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಊರಿಗಿಂತ ಶೇಕಡ 26 ಹೆಚ್ಚಿತ್ತು. ಆರು ಊರಿನ ಆರು ಚುಕ್ಕಿಗಳು ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಕೂತವು. ಯಾರು ಬೇಕಾದರೂ ಸ್ಕೇಲ್ ಇಟ್ಟು ನೋಡಬಹುದಾದ ಚಿತ್ರ. 1997ರಲ್ಲಿ ಅಮೆರಿಕ ಮೊದಲ ಬಾರಿಗೆ ಪಿಎಂ 2.5 ಎಂಬ ಸಣ್ಣ ಕಣಗಳಿಗೆ ಮಿತಿ ಹಾಕಿದ್ದರ ಹಿಂದೆ ಈ ಚಿತ್ರಕ್ಕೂ ಪಾಲಿದೆ. ಸರಳ ಲೆಕ್ಕದ ದೊಡ್ಡ ಗುಣವೇ ಇದು - ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಕೈಚಳಕ ಮಾಡಿ ಆಕಾರ ಬದಲಿಸಲು ಬರುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಮೈ ಎಲ್ಲ ಕಡೆ ಸ್ಕೇಲ್ ಇಟ್ಟಂತೆ ನಡೆದುಕೊಳ್ಳುವುದಿಲ್ಲ. ಸಿಗರೇಟಿನದೇ ಉದಾಹರಣೆ ನೋಡಿ. ಶ್ವಾಸಕೋಶದ ಕ್ಯಾನ್ಸರ್ ಸಿಗರೇಟಿನ ಸಂಖ್ಯೆಗೆ ತಕ್ಕಂತೆ ಏರುತ್ತದೆ, ಸರಿ. ಅದೇ ಲೆಕ್ಕವನ್ನು ಹೃದಯಕ್ಕೂ ಹಾಕಿದರೆ? ದಿನಕ್ಕೆ ಇಪ್ಪತ್ತು ಸೇದುವವನ ಹೆಚ್ಚುವರಿ ಅಪಾಯದಲ್ಲಿ ದಿನಕ್ಕೆ ಒಂದೇ ಸೇದುವವನ ಪಾಲು ಇಪ್ಪತ್ತರಲ್ಲಿ ಒಂದು, ಅಂದರೆ ಶೇಕಡ 5 ಇರಬೇಕು. 2018ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅದು ಶೇಕಡ 40ರಿಂದ 50 ಅಂತ ಕಂಡಿತು! “ನಾನು ದಿನಕ್ಕೊಂದೇ ಸೇದೋದು” ಅನ್ನುವ ನಮ್ಮ ಗೆಳೆಯರ ಸಮಾಧಾನ ಪೂರ್ತಿ ನೆಟ್ಟನೆಯ ಗೆರೆಯ ಮೇಲೆ ನಿಂತಿದೆ. ನಿಜವಾದ ಗೆರೆ ಮೊದಲ ಸಿಗರೇಟಿಗೇ ಕಡಿದಾಗಿ ಏರಿ, ಆಮೇಲೆ ನಿಧಾನವಾಗುತ್ತದೆ.

ಗುಂಪು ಮಾಡುವ ಪದ್ಧತಿಗೂ ಇಂಥದೇ ಕಾಯಿಲೆ. ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ 34 ಬಂದವನು ಫೇಲು, 35 ಬಂದವನು ಪಾಸು ಆಗುತ್ತಿದ್ದ. ಇಬ್ಬರ ಬುದ್ಧಿಯಲ್ಲಿ ಏನು ವ್ಯತ್ಯಾಸ? ಅದೇ 35 ಮತ್ತು 59 ಬಂದವರಿಬ್ಬರೂ ಒಂದೇ ಡಬ್ಬಿಯಲ್ಲಿ. ಗಡಿ ಎಲ್ಲಿ ಹಾಕುತ್ತೀರೋ ಅದರ ಮೇಲೆ ಉತ್ತರ ಬದಲಾಗುತ್ತದೆ. ಡೇಟಾ ನೋಡಿದ ಮೇಲೆ ಗಡಿ ಹಾಕುವವನಿಗಂತೂ ಬೇಕಾದ ಉತ್ತರ ತೆಗೆಯುವುದು ಕಷ್ಟವೇ ಅಲ್ಲ.

ಈ ಅಸಮಾಧಾನದಿಂದ ಬೆಳೆದದ್ದು ಅಡಾಪ್ಟಿವ್ ಪದ್ಧತಿಗಳು. ಇಲ್ಲಿ ಆಕಾರವನ್ನು ಮೊದಲೇ ಹೇಳುವುದಿಲ್ಲ. ಡೇಟಾವನ್ನು ತುಂಡುತುಂಡಾಗಿ ನೋಡಿ, ಒಂದೊಂದು ತುಂಡಿಗೂ ಒಂದು ಸಣ್ಣ ಗೆರೆ ಎಳೆದು, ಗಂಟು ಕಾಣದ ಹಾಗೆ ಜೋಡಿಸುತ್ತಾರೆ. ಇದಕ್ಕೆ ಸ್ಪ್ಲೈನ್ ಅಂತ ಹೆಸರು. ಗಂಟು ಎಲ್ಲೆಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಅನ್ನುವುದನ್ನೂ ಪ್ರೋಗ್ರಾಮೇ ಡೇಟಾ ನೋಡಿ ತೀರ್ಮಾನಿಸುವ ದಾರಿಯನ್ನು 1991ರಲ್ಲಿ ಜೆರೋಮ್ ಫ್ರೀಡ್‌ಮನ್ ತೋರಿಸಿದರು. ಈಗಂತೂ ಮಷೀನ್ ಲರ್ನಿಂಗ್ ಹೆಸರಿನಲ್ಲಿ ಹತ್ತಾರು ವಿಧಾನಗಳಿವೆ. ಎಲ್ಲದರ ತಿರುಳು ಒಂದೇ - ಗೆರೆಗೆ ಬಗ್ಗುವ ಸ್ವಾತಂತ್ರ್ಯ ಕೊಡು. ಒಂದಿಷ್ಟು ಡೇಟಾವನ್ನು ಮುಚ್ಚಿಟ್ಟುಕೊಂಡಿರು. ಬಗ್ಗಿದ್ದು ಸರಿಯೋ ಅತಿಯಾಯಿತೋ ಅಂತ ಆ ಮುಚ್ಚಿಟ್ಟ ಡೇಟಾದ ಮೇಲೆ ಪರೀಕ್ಷೆ ಮಾಡು.

ಹೋಲಿಕೆ ಬೇಕಾದರೆ ಅಂಗಿಯದು ತೆಗೆದುಕೊಳ್ಳಿ. ಹಳೆಯ ಪದ್ಧತಿ ರೆಡಿಮೇಡ್ ಅಂಗಿ. ಒಂದೇ ಅಳತೆ, ಎಲ್ಲರಿಗೂ ಅಷ್ಟಿಷ್ಟು ಆಗುತ್ತದೆ, ಯಾರಿಗೂ ಪೂರ್ತಿ ಒಪ್ಪುವುದಿಲ್ಲ. ಹೊಸದು ದರ್ಜಿ ಹೊಲಿದ ಅಂಗಿ. ಮೈಗೆ ಒಪ್ಪುತ್ತದೆ. ಆದರೆ ಒಂದು ಷರತ್ತು: ಅಳತೆ ಕೊಡಲು ಮನುಷ್ಯ ಎದುರಿಗೆ ನಿಂತಿರಬೇಕು! ಅಲ್ಲಿ ಇಲ್ಲದವನಿಗೆ ಎಂಥ ದರ್ಜಿಯೂ ಅಂದಾಜಿನಲ್ಲೇ ಹೊಲಿಯಬೇಕು. ನಮ್ಮ ದೇಶದ ಕಥೆ ಇಲ್ಲೇ ಇರುವುದು. ಅದಕ್ಕೆ ಬರುವ ಮೊದಲು ಬಗ್ಗುವ ಗೆರೆಯ ಎರಡು ಎಡವಟ್ಟುಗಳನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಹೊಸದೆಲ್ಲ ಚಿನ್ನ ಅಂದಂತಾಗುತ್ತದೆ.

ಮೊದಲನೆಯದು ಮದ್ಯದ್ದು. ದಿನಕ್ಕೊಂದು ಪೆಗ್ ಆರೋಗ್ಯಕ್ಕೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ ಅನ್ನುವ ಮಾತು ಕೇಳದವರು ಯಾರಿದ್ದಾರೆ? ಅದರ ಮೂಲ ಒಂದು ಬಗ್ಗಿದ ಗೆರೆ. ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರಿಗೆ ಅಪಾಯ ಕಡಿಮೆ, ಜಾಸ್ತಿ ಕುಡಿಯುವವರಿಗೆ ಹೆಚ್ಚು ಅನ್ನುವ ಕೊಕ್ಕೆಯಾಕಾರದ ಗೆರೆ. ಡೇಟಾದಲ್ಲಿ ಆ ಕೊಕ್ಕೆ ನಿಜವಾಗಿಯೂ ಇತ್ತು, ಗೆರೆ ನಿಷ್ಠೆಯಿಂದ ಬಗ್ಗಿತ್ತು. ತಪ್ಪಿದ್ದು ‘ಕುಡಿಯದವರು’ ಅನ್ನುವ ಗುಂಪಿನಲ್ಲಿ. ಕಾಯಿಲೆ ಬಿದ್ದು ಡಾಕ್ಟರ ಮಾತಿಗೆ ಹೆದರಿ ಬಿಟ್ಟವರೂ ಆ ಗುಂಪಿನಲ್ಲೇ ಸೇರಿಕೊಂಡಿದ್ದರು. 2019ರಲ್ಲಿ ಚೀನಾದ ಐದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ ಸುಮಾರು 1.6 ಲಕ್ಷ ಜನರ ಜೀನುಗಳನ್ನೂ ನೋಡಿದ್ದರು. ಪೂರ್ವ ಏಷ್ಯಾದಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಮದ್ಯ ಒಗ್ಗದ ಜೀನು ಇರುತ್ತದೆ. ಅಂಥವರು ತಾವಾಗಿಯೇ ಕಡಿಮೆ ಕುಡಿಯುತ್ತಾರೆ. ಹಾಗೆ ಜೀನಿನ ಆಧಾರದ ಮೇಲೆ ಗುಂಪು ಮಾಡಿದಾಗ, ಪಾರ್ಶ್ವವಾಯುವಿನ ವಿಷಯದಲ್ಲಿ ಆ ಕೊಕ್ಕೆ ಮಾಯ! ಕುಡಿದಷ್ಟೂ ಅಪಾಯ ಏರುತ್ತಲೇ ಹೋಯಿತು. ಪಾಠ ಏನೆಂದರೆ, ಗೆರೆಗೆ ಎಷ್ಟು ಬಗ್ಗಲು ಬಿಟ್ಟರೂ ಅದು ಆಕಾರದ ತಪ್ಪನ್ನು ಮಾತ್ರ ತಿದ್ದೀತು. ಯಾರನ್ನು ಯಾರ ಪಕ್ಕ ನಿಲ್ಲಿಸಿದ್ದೀರಿ ಅನ್ನುವ ತಪ್ಪನ್ನಲ್ಲ.

ಎರಡನೆಯದು ನಮ್ಮ ಸಾಫ್ಟ್‌ವೇರ್ ಬಂಧುಗಳಿಗೆ ರುಚಿಸುವಂಥದ್ದು. ಅಮೆರಿಕದ 90 ನಗರಗಳಲ್ಲಿ ದಿನದಿನದ ಧೂಳಿಗೂ ದಿನದಿನದ ಸಾವಿಗೂ ಇರುವ ಸಂಬಂಧ ನೋಡುವಾಗ, ಋತು ಮತ್ತು ಹವೆಯ ಏರಿಳಿತವನ್ನು ಕಳೆಯಲು ಬಗ್ಗುವ ಗೆರೆಗಳನ್ನು ಬಳಸಿದ್ದರು. ಅದಕ್ಕೆ ಉಪಯೋಗಿಸಿದ ಎಸ್-ಪ್ಲಸ್ ಎಂಬ ಪ್ಯಾಕೇಜಿನಲ್ಲಿ, ಉತ್ತರ ಪೂರ್ತಿ ಪಳಗುವ ಮೊದಲೇ ಲೂಪ್ ನಿಂತುಬಿಡುವಂಥ ಡಿಫಾಲ್ಟ್ ಸೆಟ್ಟಿಂಗ್ ಇತ್ತು. 2002ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಅದೇ ತಂಡ ಇದನ್ನು ಕಂಡುಹಿಡಿದು ತಾವಾಗಿಯೇ ಜಗತ್ತಿಗೆ ಹೇಳಿತು. ಪಿಎಂ 10 ಹತ್ತು ಮೈಕ್ರೋಗ್ರಾಂ ಏರಿದರೆ ಸಾವು ಶೇಕಡ 0.41 ಏರುತ್ತದೆ ಅಂದಿದ್ದದ್ದು, ಸೆಟ್ಟಿಂಗ್ ಬಿಗಿ ಮಾಡಿದ ಮೇಲೆ 0.27ಕ್ಕೂ, ಸರಳವಾದ ಇನ್ನೊಂದು ವಿಧಾನದಲ್ಲಿ 0.21ಕ್ಕೂ ಇಳಿಯಿತು. ಸಂಬಂಧ ಇದ್ದದ್ದು ಸುಳ್ಳಾಗಲಿಲ್ಲ, ಅದರ ಅಳತೆ ಅರ್ಧವಾಯಿತು. ನೆಟ್ಟನೆಯ ಗೆರೆಯಲ್ಲಿ ಇಂಥ ತಪ್ಪು ಅಡಗಿಕೊಳ್ಳಲು ಜಾಗ ಕಡಿಮೆ. ಬಗ್ಗುವ ಗೆರೆಯಲ್ಲಿ ತೀರ್ಮಾನಗಳು ಯಂತ್ರದ ಹೊಟ್ಟೆಯೊಳಗೆ ನಡೆಯುತ್ತವೆ. ಹೊರಗಿನವರಿಗೆ ಕಾಣುವುದೇ ಇಲ್ಲ.

ಇರಲಿ, ಈಗ ನಮ್ಮ ಗಾಳಿಗೆ ಬರೋಣ.

ಪಿಎಂ 2.5ರ ಮೇಲಿನ ಆರಂಭದ ದೀರ್ಘ ಅಧ್ಯಯನಗಳೆಲ್ಲ ಹೆಚ್ಚಾಗಿ ಅಮೆರಿಕ, ಯುರೋಪುಗಳದ್ದು. ಅಲ್ಲಿನ ಗಾಳಿಯಲ್ಲಿ ವರ್ಷದ ಸರಾಸರಿ ಘನ ಮೀಟರಿಗೆ 30 ಮೈಕ್ರೋಗ್ರಾಂ ಮುಟ್ಟಿದರೆ ಅದೇ ದೊಡ್ಡದು. ದೆಹಲಿಯ ವಾರ್ಷಿಕ ಸರಾಸರಿ ಇತ್ತೀಚಿನ ವರ್ಷಗಳಲ್ಲಿ 100ರ ಆಸುಪಾಸಿನಲ್ಲಿದೆ. ಹಾಗಾದರೆ 30ರಿಂದ 100ರವರೆಗೆ ಗೆರೆ ಹೇಗೆ ಹೋಗುತ್ತದೆ? ಅಲ್ಲಿ ಡೇಟಾವೇ ಇರಲಿಲ್ಲ. 2014ರಲ್ಲಿ ರಿಚರ್ಡ್ ಬರ್ನೆಟ್ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಹುಡುಕಿದರು. ಕಡಿಮೆ ಡೋಸಿಗೆ ಊರಿನ ಗಾಳಿ, ಸ್ವಲ್ಪ ಹೆಚ್ಚಿಗೆ ಬೇರೆಯವರು ಸೇದಿದ ಸಿಗರೇಟಿನ ಹೊಗೆ, ಇನ್ನೂ ಹೆಚ್ಚಿಗೆ ಸೌದೆ ಒಲೆಯ ಹೊಗೆ, ತುದಿಯಲ್ಲಿ ತಾವೇ ಸಿಗರೇಟು ಸೇದುವವರು - ಹೀಗೆ ನಾಲ್ಕು ಬಗೆಯ ಹೊಗೆಯನ್ನು ಒಂದೇ ಗೆರೆಗೆ ಪೋಣಿಸಿದರು. ಆ ಗೆರೆ ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ. ಜಾಗತಿಕ ರೋಗಭಾರದ ಲೆಕ್ಕ ಅದನ್ನೇ ಬಳಸಿತು.

2018ರಲ್ಲಿ ಅದೇ ಬರ್ನೆಟ್ ಮತ್ತು ದೊಡ್ಡ ತಂಡವೊಂದು 16 ದೇಶಗಳ 41 ಅಧ್ಯಯನಗಳಿಂದ, ಈ ಬಾರಿ ಹೊರಗಿನ ಗಾಳಿಯನ್ನು ಮಾತ್ರ ಹಿಡಿದು, ಹೊಸ ಗೆರೆ ಎಳೆಯಿತು. ಗಾಳಿ ಕೊಳಕಾಗಿರುವ ಚೀನಾದ ಅಧ್ಯಯನವೂ ಅದರಲ್ಲಿ ಸೇರಿತ್ತು. 2015ನೇ ಇಸವಿಗೆ ಹಳೆಯ ಗೆರೆಯ ಪ್ರಕಾರ ಜಗತ್ತಿನಲ್ಲಿ ಹೊರಗಿನ ಗಾಳಿಯಿಂದ ಸತ್ತವರು 40 ಲಕ್ಷ. ಹೊಸ ಗೆರೆಯ ಪ್ರಕಾರ 89 ಲಕ್ಷ! ಅದೇ ಭೂಮಿ, ಅದೇ ಗಾಳಿ, ಅದೇ ವರ್ಷ. ಬದಲಾದದ್ದು ಗೆರೆಯ ಆಕಾರ ಮತ್ತು ಯಾವ ಯಾವ ಕಾಯಿಲೆಯನ್ನು ಲೆಕ್ಕಕ್ಕೆ ಸೇರಿಸಿದರು ಅನ್ನುವುದು. 49 ಲಕ್ಷ ಜನ ಕಾಗದದ ಮೇಲೆ ಬದುಕಿದ್ದರು ಅಥವಾ ಸತ್ತಿದ್ದರು, ಗೆರೆ ಎಳೆದವರ ಕೈಯ ಮೇಲೆ. ಇದನ್ನು ಬರೀ ತಜ್ಞರ ತಂಟೆ ಅಂತ ಬಿಟ್ಟುಬಿಡಲು ಆಗುತ್ತದೆಯೇ?

ಈ ಅನುಮಾನವನ್ನು ಬಳಸಿಕೊಳ್ಳುವವರೂ ಇದ್ದಾರೆ. ವಾಯುಮಾಲಿನ್ಯವೊಂದರಿಂದಲೇ ಸಾವು ಸಂಭವಿಸುತ್ತದೆ ಎಂದು ನಿಶ್ಚಯವಾಗಿ ಹೇಳುವ ಅಂಕಿಅಂಶ ದೇಶದಲ್ಲಿ ಇಲ್ಲ ಎಂಬ ಅರ್ಥದ ಉತ್ತರವನ್ನು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೊಟ್ಟಿದೆ. ವಿದೇಶದ ಗೆರೆ ನಮಗೇಕೆ ಅನ್ನುವ ವಾದ ಅದರ ಜೊತೆಗೇ ಬರುತ್ತದೆ. ವಾದದಲ್ಲಿ ಅರ್ಧ ಸತ್ಯ ಇತ್ತು ಅಂತಲೇ ಇಟ್ಟುಕೊಳ್ಳಿ. ಈಗ ಅದೂ ಇಲ್ಲ.

2024ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ನಲ್ಲಿ ಭಾರತದ ಹತ್ತು ನಗರಗಳ ಅಧ್ಯಯನ ಬಂತು. ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ಬೆಂಗಳೂರು, ಅಹಮದಾಬಾದ್, ಕೋಲ್ಕತ್ತ, ವಾರಾಣಸಿ, ಶಿಮ್ಲಾ. ಅಂದರೆ ಹೊರನಾಡ ಕನ್ನಡಿಗರು ನೆಲೆಸಿರುವ ದೊಡ್ಡ ಊರುಗಳೆಲ್ಲ ಹೆಚ್ಚುಕಡಿಮೆ ಬಂದವು! 2008ರಿಂದ 2019ರವರೆಗಿನ ಸುಮಾರು 36 ಲಕ್ಷ ಸಾವುಗಳ ಲೆಕ್ಕ. ಈ ಒಂದೇ ಅಧ್ಯಯನದಲ್ಲಿ ನೆಟ್ಟನೆಯ ಗೆರೆಯೂ ಬಗ್ಗಿದ ಗೆರೆಯೂ ಅಕ್ಕಪಕ್ಕ ಕೂತಿವೆ.

ನೆಟ್ಟನೆಯ ಗೆರೆ ಹೇಳುವುದು: ಎರಡು ದಿನದ ಸರಾಸರಿ ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ಆ ದಿನದ ಸಾವು ಶೇಕಡ 1.42 ಏರುತ್ತದೆ. ಅದೇ ಲೆಕ್ಕವನ್ನು ನಮ್ಮ ರಾಷ್ಟ್ರೀಯ ಮಿತಿಯಾದ 60 ಮೈಕ್ರೋಗ್ರಾಂ ಒಳಗಿನ ದಿನಗಳಿಗೆ ಮಾತ್ರ ಹಾಕಿದರೆ 1.42 ಅಲ್ಲ, 2.65. ಗೆರೆಗೆ ಬಗ್ಗಲು ಬಿಟ್ಟರೆ ಕಾಣುವುದೂ ಅದೇ: ಕೆಳಗೆ ಕಡಿದಾದ ಏರು, ಮೇಲೆ ಹೋದಂತೆ ಚಪ್ಪಟೆ. ಊರೂರಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಹತ್ತು ಮೈಕ್ರೋಗ್ರಾಂ ಏರಿಕೆಗೆ ದೆಹಲಿಯಲ್ಲಿ ಶೇಕಡ 0.31, ಬೆಂಗಳೂರಿನಲ್ಲಿ ಶೇಕಡ 3.06. ಅಂದರೆ ಒಂದು ಸಾವಿರ ಸಾವಿನ ಲೆಕ್ಕದಲ್ಲಿ ಇಲ್ಲಿ ಮೂರು ಹೆಚ್ಚಾದರೆ ಅಲ್ಲಿ ಮೂವತ್ತು.

ಊರಿನವರ ಮಾತಿಗೆ ಇಲ್ಲಿ ಮೊದಲ ಉತ್ತರ ಸಿಕ್ಕಿತು. ‘ನಮ್ಮಲ್ಲಿ ಗಾಳಿ ಚೆನ್ನಾಗಿದೆ’ ಅನ್ನುವ ಕಡೆಯೇ ಹೊಸದಾಗಿ ಸೇರುವ ಪ್ರತಿ ಹಿಡಿ ಧೂಳೂ ಹೆಚ್ಚು ದುಬಾರಿ. ಕಾನೂನಿನ ಮಿತಿಯೊಳಗಿದ್ದೇವೆ ಅನ್ನುವುದು ಸಮಾಧಾನದ ಮಾತಲ್ಲ. ಗೆರೆ ಅತಿ ಕಡಿದಾಗಿರುವುದೇ ಆ ಮಿತಿಯೊಳಗೆ. ಬೆಂಗಳೂರಿನ ಫ್ಲೈಓವರಿನ ಕಾಮಗಾರಿ, ಮೈಸೂರಿನ ಹೊಸ ಬಡಾವಣೆ, ಖಾಲಿ ಸೈಟಿನಲ್ಲಿ ಕಸಕ್ಕೆ ಹಚ್ಚಿದ ಬೆಂಕಿ, ಇವನ್ನೆಲ್ಲ ದೆಹಲಿಗೆ ಹೋಲಿಸಿ ‘ಇದೇನು ಮಹಾ’ ಅನ್ನುವವರು ಈ ಗೆರೆಯ ಕೆಳತುದಿಯನ್ನೊಮ್ಮೆ ನೋಡಬೇಕು.

ಇನ್ನು ದೆಹಲಿಯವರ ಮಾತು. 0.31 ಅಂದರೆ ಒಗ್ಗಿಹೋಗಿದ್ದೇವೆ ಅಂತ ತಾನೇ? ಅಲ್ಲ. ಗೆರೆ ಚಪ್ಪಟೆಯಾಗಿದೆ ಅಂದರೆ ಮೇಲಿನ ಮಹಡಿಯಲ್ಲಿ ಮೆಟ್ಟಿಲು ಕಮ್ಮಿ ಅಂತ ಅರ್ಥ, ನೆಲಮಹಡಿಯಲ್ಲಿದ್ದೇವೆ ಅಂತಲ್ಲ. ಅದೇ ಅಧ್ಯಯನದ ಪ್ರಕಾರ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 15ಕ್ಕಿಂತ ಮೇಲಿರುವ ಕಣಗಳಿಂದ ಆದ ಸಾವಿನ ಪಾಲು ಹತ್ತು ನಗರ ಸೇರಿ ಶೇಕಡ 7.2, ವರ್ಷಕ್ಕೆ ಸುಮಾರು 33 ಸಾವಿರ. ದೆಹಲಿಯೊಂದರಲ್ಲೇ ಅದು ಶೇಕಡ 11.5, ವರ್ಷಕ್ಕೆ ಸುಮಾರು 12 ಸಾವಿರ. ಕೊಡಬೇಕಾದ ದಂಡವನ್ನು ಮೊದಲ ಐವತ್ತು-ಅರವತ್ತು ಮೈಕ್ರೋಗ್ರಾಂಗೇ ಕೊಟ್ಟು ಮುಗಿಸಿದವನಿಗೆ ಮುಂದಿನದು ಅಗ್ಗವಾಗಿ ಕಾಣುತ್ತದೆ, ಅಷ್ಟೇ.

ಸರ್ಕಾರದ ಯೋಜನೆಗಳನ್ನು ಅಳೆಯುವಾಗ ಈ ಆಕಾರ ನೇರವಾಗಿ ಕೆಲಸಕ್ಕೆ ಬರುತ್ತದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆ ಮೊದಲು 2024ರೊಳಗೆ ಕಣಗಳನ್ನು ಶೇಕಡ 20ರಿಂದ 30 ಇಳಿಸುವ ಗುರಿ ಇಟ್ಟುಕೊಂಡಿತ್ತು. ಆಮೇಲೆ ಅದನ್ನು 2025-26ರೊಳಗೆ ಪಿಎಂ 10ನ್ನು ಶೇಕಡ 40 ಇಳಿಸುವುದು ಎಂದು ಬದಲಿಸಿದರು. ಗೆರೆ ನೆಟ್ಟಗಿದ್ದರೆ ಶೇಕಡ 30 ಇಳಿಸಿದಾಗ ಲಾಭವೂ ಶೇಕಡ 30. ಬಗ್ಗಿದ್ದರೆ ದೆಹಲಿಯಂಥ ಊರಿನಲ್ಲಿ ಲಾಭ ಅದಕ್ಕಿಂತ ಕಡಿಮೆ. ನಿಜವಾದ ಇಳಿಜಾರು ಶುರುವಾಗುವುದು ಕೆಳಗೆ ಬಂದ ಮೇಲೆ. ಇದರಿಂದ ಎರಡು ತೀರ್ಮಾನ ತೆಗೆಯಬಹುದು. ಒಂದು: ‘ಹೇಗಿದ್ದರೂ ಲಾಭ ಕಡಿಮೆ, ಯಾಕೆ ದುಡ್ಡು ಸುರಿಯಬೇಕು?’ ಇದು ಆಲಸಿಗಳ ತೀರ್ಮಾನ. ಇನ್ನೊಂದು: ‘ಅರ್ಧ ದಾರಿಗೆ ನಿಂತರೆ ಸುರಿದ ದುಡ್ಡೂ ದಂಡ, ಪೂರ್ತಿ ಇಳಿಯಬೇಕು.’ ನಾನು ಎರಡನೆಯದರ ಪರ. ಬೆಟ್ಟದ ತುದಿಯಲ್ಲಿ ಸಮತಟ್ಟು ಜಾಗ ಇದೆ ಅಂತ ಅಲ್ಲೇ ಕೂತರೆ ಊರು ಸೇರುವುದು ಯಾವಾಗ?

ಗೆರೆ ಎಲ್ಲಿಂದ ಶುರು ಅನ್ನುವುದೂ ಸಣ್ಣ ವಿಷಯವಲ್ಲ. 2024ರ ಡಿಸೆಂಬರಿನಲ್ಲಿ ಬಂದ ಇನ್ನೊಂದು ಅಧ್ಯಯನ ದೇಶದ 655 ಜಿಲ್ಲೆಗಳ 2009ರಿಂದ 2019ರವರೆಗಿನ ಸಾವುಗಳನ್ನು ನೋಡಿತು. ಇದು ದೀರ್ಘಕಾಲದ ಡೋಸಿನ ಲೆಕ್ಕ. ವಾರ್ಷಿಕ ಸರಾಸರಿ ಹತ್ತು ಏರಿದರೆ ಸಾವು ಶೇಕಡ 8.6 ಏರುತ್ತದೆ ಅಂದಿತು. ಎರಡು ದಿನದ ಹೊಗೆಗಿಂತ ವರ್ಷಾನುಗಟ್ಟಲೆಯ ಹೊಗೆ ಎಷ್ಟೋ ಹೆಚ್ಚು ಕಚ್ಚುತ್ತದೆ ಅಂತಾಯಿತು. ನಮ್ಮ ವಾರ್ಷಿಕ ಮಿತಿ 40. ಅದರ ಕೆಳಗೆ ಅಪಾಯವೇ ಇಲ್ಲ ಅಂತ ಅಲ್ಲಿಂದ ಎಣಿಸಿದರೆ ಆ ಅವಧಿಯಲ್ಲಿ ಗಾಳಿಯ ಲೆಕ್ಕಕ್ಕೆ 38 ಲಕ್ಷ ಸಾವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 5ರಿಂದ ಎಣಿಸಿದರೆ 1.66 ಕೋಟಿ! 40 ಅನ್ನುವುದು ಆಡಳಿತಗಾರರು ಹಾಕಿದ ಗಡಿ. ಶ್ವಾಸಕೋಶಕ್ಕೆ ಆ ಗೆಜೆಟ್ ತಲುಪಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮಂಥ ವಲಸಿಗರ ವಿಷಯಕ್ಕೆ ಬರಲೇಬೇಕು. ನಾವು ಯಾವ ಗೆರೆಗೂ ಸುಲಭಕ್ಕೆ ಸಿಗದ ಪೈಕಿ. ಶಿರಸಿಯಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ಹತ್ತು ವರ್ಷ ಪುಣೆಯಲ್ಲಿದ್ದು, ಇಪ್ಪತ್ತೈದು ವರ್ಷ ದೆಹಲಿಯಲ್ಲಿ ಕಳೆದವನ ಡೋಸ್ ಎಷ್ಟು? ಎಷ್ಟೋ ದೀರ್ಘ ಅಧ್ಯಯನಗಳು ಹೆಸರು ನೋಂದಾಯಿಸಿದ ದಿನದ ವಿಳಾಸವನ್ನೇ ಡೋಸ್ ಅಂತ ಹಿಡಿಯುತ್ತವೆ. ಹಿಂದಿನ ಊರು ಲೆಕ್ಕಕ್ಕಿಲ್ಲ. ಇನ್ನೂ ಮುಖ್ಯವಾದದ್ದು ಕೊನೆಗಾಲ. ನಮ್ಮಲ್ಲಿ ಎಷ್ಟೋ ಜನ ರಿಟೈರ್ ಆದ ಮೇಲೆ, ಅದರಲ್ಲೂ ಕೆಮ್ಮು-ದಮ್ಮು ಜೋರಾದ ಮೇಲೆ, ‘ಊರಿನ ಗಾಳಿಗೆ ಹೋಗೋಣ’ ಅಂತ ಹೊರಡುತ್ತಾರೆ. ಹಾಗೆ ಹೋದವರ ಸಾವು ದಾಖಲಾಗುವುದು ಸಾಗರದಲ್ಲೋ ಕುಂದಾಪುರದಲ್ಲೋ. ಹೊಗೆ ಕುಡಿಸಿದ್ದು ದೆಹಲಿ, ಸಾವು ಬಿದ್ದದ್ದು ಊರಿನ ಲೆಕ್ಕಕ್ಕೆ. ಕೊಳಕು ಗಾಳಿಯ ಊರಿನಲ್ಲಿ ಒಂದು ಸಾವು ಕಡಿಮೆ, ಶುದ್ಧ ಗಾಳಿಯ ಊರಿನಲ್ಲಿ ಒಂದು ಹೆಚ್ಚು. ಊರೂರುಗಳನ್ನು ಹೋಲಿಸುವ ಲೆಕ್ಕದಲ್ಲಿ ಗೆರೆ ತಾನಾಗಿಯೇ ಚಪ್ಪಟೆ! ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳಿ ಅಲ್ಲೇ ಸಾಯುವ ಸಾಲ್ಮನ್ ಮೀನಿನ ಹೆಸರನ್ನೇ ಈ ದೋಷಕ್ಕೆ ಇಟ್ಟಿದ್ದಾರೆ. ಇದನ್ನು ನೆಟ್ಟನೆಯ ಗೆರೆಯೂ ಹಿಡಿಯುವುದಿಲ್ಲ, ಬಗ್ಗುವ ಗೆರೆಯೂ ಹಿಡಿಯುವುದಿಲ್ಲ. ಬಗ್ಗುವ ಗೆರೆಯಂತೂ ಈ ಸುಳ್ಳಿಗೂ ಅಂದವಾಗಿ ಬಗ್ಗಿ ತೋರಿಸುತ್ತದೆ.

ಹಾಗಾದರೆ ಯಾವುದು ಮೇಲು? ಡೇಟಾ ದಟ್ಟವಾಗಿರುವ ಕಡೆ ಗೆರೆ ಬಗ್ಗಲಿ. ಅಲ್ಲಿ ನೆಟ್ಟನೆಯ ಗೆರೆ ಹಿಡಿದು ಕೂರುವುದು ಹಟ. ದಿನಕ್ಕೊಂದು ಸಿಗರೇಟಿನವನಿಗೂ ಬೆಂಗಳೂರಿನವನಿಗೂ ಸುಳ್ಳು ಧೈರ್ಯ ಹೇಳಿದ್ದು ಆ ಹಟವೇ. ಆದರೆ ಹೇಗೆ ಬಗ್ಗಿಸುತ್ತೇವೆ ಅನ್ನುವ ನಿಯಮವನ್ನು ಡೇಟಾ ತೆರೆಯುವ ಮೊದಲೇ ಬರೆದು ಪ್ರಕಟಿಸಬೇಕು, ಪ್ರೋಗ್ರಾಮನ್ನೂ ಎಲ್ಲರ ಮುಂದಿಡಬೇಕು. ಪಕ್ಕದಲ್ಲೇ ಹಳೆಯ ನೆಟ್ಟನೆಯ ಗೆರೆಯನ್ನೂ ಕೊಡಬೇಕು. ಎರಡೂ ಬೇರೆಬೇರೆ ಹೇಳಿದರೆ ಯಾಕೆ ಅಂತ ವಿವರಿಸುವ ಹೊಣೆ ಬಗ್ಗಿಸಿದವರದ್ದು. ಡೇಟಾ ಮುಗಿದ ಮೇಲಿನ ಭಾಗವನ್ನು ಚುಕ್ಕಿಗೆರೆಯಲ್ಲಿ ತೋರಿಸಿ, ಇದು ಊಹೆ ಅಂತ ಬರೆಯಬೇಕು. ಆ ಊಹೆಯನ್ನು ಚಪ್ಪಟೆ ಮಾಡಿ ‘ಇನ್ನು ಮೇಲೆ ಅಪಾಯವಿಲ್ಲ’ ಅನ್ನಲು ಯಾರಿಗೂ ಹಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡದು ಡೇಟಾ. ದರ್ಜಿ ಎಷ್ಟೇ ಜಾಣನಿದ್ದರೂ ಅಳತೆ ಕೊಡಲು ನಾವು ನಿಂತಿರಬೇಕಲ್ಲ! 2020ರಲ್ಲಿ ದೇಶದಲ್ಲಿ ದಾಖಲಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಮಿಕ್ಕವರು ಏತರಿಂದ ಸತ್ತರೋ ಆ ದೇವರಿಗೇ ಗೊತ್ತು. ದೆಹಲಿ ಮತ್ತು ಚೆನ್ನೈಗಳಲ್ಲಿ 2010ರಿಂದ ಸಾವಿರಾರು ಜನರನ್ನು ಹಿಂಬಾಲಿಸುತ್ತಿರುವ ಅಧ್ಯಯನವೊಂದಿದೆ. ಇಷ್ಟು ದೊಡ್ಡ ದೇಶಕ್ಕೆ ಅಂಥವು ಹತ್ತಾರು ಬೇಕು. ಪ್ರತಿ ನಗರಪಾಲಿಕೆಯೂ ದಿನದಿನದ ಸಾವಿನ ಸಂಖ್ಯೆಯನ್ನು, ಹೆಸರು ಕಳಚಿ, ಸಂಶೋಧಕರಿಗೆ ಮುಕ್ತವಾಗಿ ಕೊಡಬೇಕು. ಹತ್ತು ನಗರಗಳ ಅಧ್ಯಯನ ಸಾಧ್ಯವಾದದ್ದೇ ಅಂಥ ದಾಖಲೆ ಸಿಕ್ಕಿದ್ದರಿಂದ. ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆಗಳ ಲೆಕ್ಕ ಯಾಕೆ ಆಗಬಾರದು? ಮರಣಪತ್ರದಲ್ಲಿ ಕೊನೆಯ ವಿಳಾಸದ ಜೊತೆಗೆ ‘ಜೀವನದ ಹೆಚ್ಚು ಕಾಲ ಕಳೆದ ಊರು’ ಅನ್ನುವ ಒಂದೇ ಒಂದು ಸಾಲು ಸೇರಿಸಿದರೂ ವಲಸಿಗರ ಲೆಕ್ಕ ಎಷ್ಟೋ ನೇರವಾಗುತ್ತದೆ. ದುಡ್ಡು ಬೇಕಿಲ್ಲ, ಫಾರಂನಲ್ಲಿ ಒಂದು ಗೆರೆ ಜಾಗ ಸಾಕು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಮನೆಯ ಹಿರಿಯರು ತೀರಿಕೊಂಡಾಗ ಆ ದುಃಖದಲ್ಲಿ ಮರಣಪತ್ರದ ‘ಕಾರಣ’ದ ಕಾಲಂ ಬಗ್ಗೆ ಯಾರೂ ಯೋಚಿಸುವುದಿಲ್ಲ. ಡಾಕ್ಟರರನ್ನು ಕೇಳಿ, ಅದನ್ನು ಬರೆಸಿ. ಊರಿಗೆ ಮರಳಿದ ಮೇಲೆ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ, ‘ಇಷ್ಟು ವರ್ಷ ದೆಹಲಿಯಲ್ಲಿದ್ದೆ, ಇಷ್ಟು ವರ್ಷ ಮುಂಬಯಿಯಲ್ಲಿದ್ದೆ’ ಅಂತ ತಪ್ಪದೆ ಹೇಳಿ. ಊರಿನ ಬಂಧುಗಳು ‘ನಮ್ಮಲ್ಲಿ ಗಾಳಿ ಚೆನ್ನಾಗಿದೆ’ ಅಂದಾಗ ಸುಮ್ಮನಾಗಬೇಡಿ; ‘ಹಾಗಿದ್ದರೆ ಅದನ್ನು ಕಾಪಾಡಿಕೊಳ್ಳಿ, ಕೆಡುವಾಗ ಅತಿ ಹೆಚ್ಚು ಬೆಲೆ ತೆರುವವರು ನೀವೇ’ ಅಂತ ಹೇಳಿ. ದೆಹಲಿಯಲ್ಲಿ ‘ಒಗ್ಗಿಹೋಗಿದೆ’ ಅನ್ನುವವರಿಗೆ ಹನ್ನೆರಡು ಸಾವಿರದ ಲೆಕ್ಕ ಕೊಡಿ.

ನೀವೇನಂತೀರಿ?